ಪತ್ತೆಯಿಲ್ಲ ಅಂದರೆ ಏನು ಮೇಷ್ಟ್ರೇ?

ಬಿಇಎಲ್ ಸರ್ಕಲ್ ದಾಟಿ ಗಂಗಮ್ಮನ ಗುಡಿ ಕಡೆಗೆ ಆಟೊ ತಿರುಗಿದಾಗಲೆಲ್ಲ ನಮ್ಮಜ್ಜಿ ಒಂದೇ ಮಾತು ಹೇಳುತ್ತಿದ್ದಳು. "ಇಲ್ಲೇ ಕಣಪ್ಪ, ಇಟಲಿಯೋರು ಇದ್ದಿದ್ದು." ನಾನು ಚಿಕ್ಕವನಿದ್ದಾಗ ಆಟೊದಿಂದ ತಲೆ ಹೊರಗೆ ಹಾಕಿ ನೋಡುತ್ತಿದ್ದೆ. ಉದ್ದದ ಕಾಂಪೌಂಡು, ಅದರ ಹಿಂದೆ ಮರಗಳು, ಬಸ್ ಸ್ಟಾಪಿನಲ್ಲಿ ನಾಲ್ಕು ಜನ. ಇಟಲಿಯವರು ಎಲ್ಲಿ? ಅಜ್ಜಿಯ ಕಣ್ಣಿಗೆ ಮಾತ್ರ ಅವರು ಕಾಣುತ್ತಿದ್ದರು. ಮುಳ್ಳುತಂತಿಯ ಬೇಲಿ, ಅದರಾಚೆ ಸಾಲು ಸಾಲು ಶೆಡ್ಡು, ಶೆಡ್ಡಿನ ನೆರಳಲ್ಲಿ ಕೂತ ಬಿಳಿ ಹುಡುಗರು.

ಅಜ್ಜಿಯ ತವರು ಚಿಕ್ಕಬಾಣಾವರದ ಕಡೆಯ ಒಂದು ಹಳ್ಳಿ. ಆಗ ಜಾಲಹಳ್ಳಿ ಅಂದರೆ ಬೆಂಗಳೂರಲ್ಲ. ಎಚ್‌ಎಂಟಿ ಇಲ್ಲ, ಬಿಇಎಲ್ ಇಲ್ಲ. ರಾಗಿ ಹೊಲ, ಕೆರೆ, ಹುಣಸೆ ಮರ, ಅಷ್ಟೇ. ಎರಡನೇ ಮಹಾಯುದ್ಧ ಅಲ್ಲಿಗೆ ಬಂದಿದ್ದು ಬಾಂಬಿನ ರೂಪದಲ್ಲಿ ಅಲ್ಲ, ಕೈದಿಗಳ ರೂಪದಲ್ಲಿ. 1940ರ ಡಿಸೆಂಬರಿನಿಂದ 1941ರ ಫೆಬ್ರವರಿವರೆಗೆ ಉತ್ತರ ಆಫ್ರಿಕಾದ ಮರಳಿನಲ್ಲಿ ನಡೆದ ಕಾಳಗದಲ್ಲಿ ಸುಮಾರು 1,30,000 ಇಟಲಿ ಸೈನಿಕರು ಬ್ರಿಟಿಷರ ಕೈಗೆ ಸಿಕ್ಕರು. ಅವರನ್ನು ಸೋಲಿಸಿದವರಲ್ಲಿ ನಮ್ಮ 4ನೇ ಭಾರತೀಯ ಡಿವಿಜನ್ನಿನವರೂ ಇದ್ದರು. ಅಷ್ಟೊಂದು ಜನರನ್ನು ಈಜಿಪ್ಟಿನಲ್ಲೇ ಇಟ್ಟುಕೊಂಡು ಸಾಕುವುದು ಕಷ್ಟವಾಯಿತು. ಹಡಗು ಹತ್ತಿಸಿ ಸಾವಿರಾರು ಜನರನ್ನು ಭಾರತಕ್ಕೆ ಕಳಿಸಿದರು. ಡೆಹ್ರಾಡೂನ್, ಭೋಪಾಲ್, ಹಿಮಾಚಲದ ಯೋಲ್, ಮತ್ತೆ ನಮ್ಮ ಬೆಂಗಳೂರು.

ನಮ್ಮ ಮುತ್ತಾತ, ಅಂದರೆ ಅಜ್ಜಿಯ ಅಪ್ಪ, ಆ ಶಿಬಿರಕ್ಕೆ ತರಕಾರಿ ಹೊಡೆಯುತ್ತಿದ್ದರು. ಒಬ್ಬ ಗುತ್ತಿಗೆದಾರನ ಕೈಕೆಳಗೆ. ಬೆಳಗಿನ ಜಾವ ಎತ್ತಿನ ಗಾಡಿಯಲ್ಲಿ ಬದನೆ, ಈರುಳ್ಳಿ, ಸೊಪ್ಪು, ಟೊಮೆಟೊ ತುಂಬಿಕೊಂಡು ಹೊರಡೋದು, ಗೇಟಿನಲ್ಲಿ ಇಳಿಸಿ ಬರೋದು. ಅಜ್ಜಿಗೆ ಆಗ ಒಂಬತ್ತು ವರ್ಷ. ಹಟ ಮಾಡಿ ಗಾಡಿ ಹತ್ತುತ್ತಿದ್ದಳಂತೆ. ಗೇಟಿನವರೆಗೆ ಮಾತ್ರ ಬಿಡುತ್ತಿದ್ದರು. ಅಲ್ಲಿಂದ ಅವಳು ಕಂಡಿದ್ದನ್ನು ನಮಗೆ ನೂರಾರು ಸಲ ಹೇಳಿದ್ದಾಳೆ. ಭಾನುವಾರ ಅವರು ಗುಂಪಾಗಿ ಹಾಡುತ್ತಿದ್ದರು. ತಂತಿಯ ಮೇಲೆ ಒಗೆದ ಬಟ್ಟೆ ಹರವುತ್ತಿದ್ದರು. ಒಬ್ಬ ಹುಡುಗ, ಬಿಸಿಲಿಗೆ ಕುತ್ತಿಗೆಯೆಲ್ಲ ಕೆಂಪಾದವನು, ಕಲ್ಲಿನ ಮೇಲೆ ಕೂತು ಒಂದು ಹಾಳೆ ಓದುತ್ತಿದ್ದ. ಗಾಡಿ ಇಳಿಸಿ ಮುಗಿಯಿತು, ಎತ್ತಿಗೆ ನೀರು ಕುಡಿಸಿದ್ದಾಯಿತು, ಅವನು ಇನ್ನೂ ಅದೇ ಹಾಳೆ ಓದುತ್ತಿದ್ದ. "ಏನಪ್ಪ ಅದು?" ಅಂತ ಅಜ್ಜಿ ಕೇಳಿದಳಂತೆ. "ಅವರ ಮನೆಯಿಂದ ಕಾಗದ ಬಂದದೆ" ಅಂದರಂತೆ ಮುತ್ತಾತ.

ಆ ಸುದ್ದಿಯನ್ನು ಅಜ್ಜಿ ಮನೆಗೆ ತಂದು ಅವರವ್ವನಿಗೆ ಹೇಳಿದಳು. ಚಿಕ್ಕ ಹುಡುಗಿ, ಗೊತ್ತಾಗಲಿಲ್ಲ. ರಾಗಿ ಬೀಸುತ್ತಿದ್ದ ಮುತ್ತಜ್ಜಿ ಗೂಟದಿಂದ ಕೈ ತೆಗೆದು ಕೇಳಿದಳಂತೆ: "ಸೆರೇಲಿರೋ ಅವರಿಗೆ ಕಾಗದ ಬರ್ತದೆ. ನನ್ನ ಮಗಂದು ಯಾಕೆ ಬರಲ್ಲ?"

ಅಜ್ಜಿಯ ಅಣ್ಣ, ನಾವೆಲ್ಲ ಮಿಲ್ಟ್ರಿ ತಾತ ಅಂತ ಕರೆಯುತ್ತಿದ್ದವರು, ಮೈಸೂರು ಸಂಸ್ಥಾನದ ಸೈನ್ಯದಲ್ಲಿದ್ದರು. 1ನೇ ಮೈಸೂರು ಇನ್‌ಫೆಂಟ್ರಿ. ಆ ಪಡೆಯನ್ನು ಸಿಂಗಪುರದ ಕಾವಲಿಗೆ ಕಳಿಸಿದ್ದರು. 1941ರ ಡಿಸೆಂಬರ್ 8ರಂದು ಜಪಾನಿನವರು ಮಲಯದ ಕೋಟಾ ಬಾರು ದಂಡೆಯಲ್ಲಿ ಇಳಿದರು. 70 ದಿನದೊಳಗೆ ಎಲ್ಲ ಮುಗಿಯಿತು. 1942ರ ಫೆಬ್ರವರಿ 15ಕ್ಕೆ ಸಿಂಗಪುರ ಶರಣಾಯಿತು. ಎರಡು ದಿನದ ನಂತರ ಫ್ಯಾರರ್ ಪಾರ್ಕ್ ಎಂಬ ಬಯಲಿನಲ್ಲಿ ಸುಮಾರು 40 ಸಾವಿರ ಭಾರತೀಯ ಸೈನಿಕರನ್ನು ಬ್ರಿಟಿಷರು ಜಪಾನಿನವರಿಗೆ ಒಪ್ಪಿಸಿದರು.

ಹಳ್ಳಿಗೆ ಬಂದಿದ್ದು ಒಂದು ಇಂಗ್ಲಿಷ್ ಕಾಗದ. ಓದುವವರು ಊರಲ್ಲಿ ಒಬ್ಬರೇ, ಶಾಲೆಯ ಮೇಷ್ಟ್ರು. ಅವರು ಓದಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಪತ್ತೆಯಿಲ್ಲ ಅಂತ ಬರೆದಿದ್ದಾರಮ್ಮ" ಅಂದರು.

"ಪತ್ತೆಯಿಲ್ಲ ಅಂದರೆ ಏನು ಮೇಷ್ಟ್ರೇ? ಇದ್ದಾನಾ, ಇಲ್ವಾ?"

ಮೇಷ್ಟ್ರಿಗೆ ಅದಕ್ಕೆ ಉತ್ತರ ಇರಲಿಲ್ಲ. ಮೂರೂವರೆ ವರ್ಷ ಯಾರಿಗೂ ಇರಲಿಲ್ಲ.

ಯುದ್ಧದ ಬಗ್ಗೆ ನಾನು ಏನೇ ಓದಿದರೂ ಕೊನೆಗೆ ಈ ಎರಡು ಪ್ರಶ್ನೆಗಳ ಹತ್ತಿರವೇ ಬಂದು ನಿಲ್ಲುತ್ತೇನೆ. ಇದ್ದಾನಾ, ಇಲ್ವಾ? ಅವರಿಗೆ ಕಾಗದ ಬರುತ್ತೆ, ನನ್ನ ಮಗನದು ಯಾಕೆ ಬರಲ್ಲ? ಮೊದಲನೆಯದಕ್ಕೆ ಕಾಲವೇ ಉತ್ತರ ಹೇಳಿತು. ಎರಡನೆಯದಕ್ಕೆ ಉತ್ತರ ಹುಡುಕಿದ್ದು ನಾನು, ಬಹಳ ತಡವಾಗಿ, ಅಜ್ಜಿಯ ಕೊನೆಗಾಲದಲ್ಲಿ.

ಅದಕ್ಕೆ ಕಾರಣ ಒಂದು ವೀಡಿಯೊ. 2019ರ ಫೆಬ್ರವರಿ 27. ಆಫೀಸಿನಲ್ಲಿ ಊಟದ ಹೊತ್ತು. ಎಲ್ಲರ ಫೋನಿನಲ್ಲೂ ಅದೇ. ನಮ್ಮ ವಾಯುಪಡೆಯ ಅಭಿನಂದನ್ ವರ್ಧಮಾನ್ ಪಾಕಿಸ್ತಾನದಲ್ಲಿ ಸೆರೆ ಸಿಕ್ಕಿದ್ದರು. ಮುಖದ ತುಂಬ ರಕ್ತ, ಕಣ್ಣಿಗೆ ಬಟ್ಟೆ. ನಾನೂ ನೋಡಿದೆ. ಮೂರು ಗುಂಪುಗಳಿಗೆ ಕಳಿಸಿದೆ. ಸಂಜೆ ಮನೆಯಲ್ಲಿ ಟೀವಿಯಲ್ಲೂ ಅದೇ ಓಡುತ್ತಿತ್ತು. ಅಜ್ಜಿಗೆ ಆಗ 86. ಕಣ್ಣು ಮಂಜು, ಆದರೆ ಅಷ್ಟು ಕಾಣಿಸಿತು. "ಇವನ ಹೆತ್ತೋರು ಇದನ್ನ ನೋಡಲ್ವೇನಪ್ಪ?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಬದುಕವ್ನೆ ಅಂತ ಗೊತ್ತಾಯ್ತಲ್ಲ, ಅಷ್ಟಾದ್ರೂ ಆಯ್ತು" ಅಂದಳು.

ಆ ಎರಡು ಮಾತು ನನ್ನನ್ನು ರಾತ್ರಿ ಮಲಗಲು ಬಿಡಲಿಲ್ಲ. ಅಂದು ನಮ್ಮ ವಿದೇಶಾಂಗ ಇಲಾಖೆ ಜಿನೀವಾ ಒಪ್ಪಂದದ ಹೆಸರು ಹೇಳಿ ಆ ವೀಡಿಯೊಗಳನ್ನು ಖಂಡಿಸಿತ್ತು. ಈ ಜಿನೀವಾ ಒಪ್ಪಂದ ಅಂದರೆ ಏನು ಅಂತ ಓದಲು ಕೂತೆ. 1949ರ ಆಗಸ್ಟ್ 12ರದ್ದು. ಒಂದಲ್ಲ, ನಾಲ್ಕು ಒಪ್ಪಂದ. ಗಾಯಗೊಂಡ ಸೈನಿಕರದ್ದು ಒಂದು, ಸಮುದ್ರದಲ್ಲಿ ಸಿಕ್ಕಿಬಿದ್ದವರದ್ದು ಒಂದು, ಯುದ್ಧಕೈದಿಗಳದ್ದು ಮೂರನೆಯದು, ಆಯುಧ ಹಿಡಿಯದ ಜನಸಾಮಾನ್ಯರದ್ದು ನಾಲ್ಕನೆಯದು. ಈಗ ಜಗತ್ತಿನ 196 ದೇಶಗಳು ಇದಕ್ಕೆ ಬದ್ಧ. ಭಾರತ 1950ರಲ್ಲೇ ಒಪ್ಪಿತು, 1960ರಲ್ಲಿ ಇದಕ್ಕಾಗಿಯೇ ಒಂದು ಕಾಯ್ದೆ ಮಾಡಿತು.

ಮೂರನೇ ಒಪ್ಪಂದದಲ್ಲಿ 143 ವಿಧಿಗಳಿವೆ. ಕಾನೂನು ಅಂದಮೇಲೆ ಬರೀ ದೊಡ್ಡ ದೊಡ್ಡ ಮಾತುಗಳಿರುತ್ತವೆ ಅಂದುಕೊಂಡಿದ್ದೆ. ಹಾಗಿಲ್ಲ. ಅದನ್ನು ಓದುವಾಗ ಯಾರೋ ಸೆರೆಯಲ್ಲಿದ್ದು ಬಂದವರು ಪಕ್ಕದಲ್ಲಿ ಕೂತು ಒಂದೊಂದಾಗಿ ಹೇಳಿ ಬರೆಸಿದ ಹಾಗಿದೆ. ಕೈದಿಗೆ ತೂಕ ಇಳಿಯದಷ್ಟು ಊಟ ಕೊಡಬೇಕು, ಅದೂ ಅವನಿಗೆ ಅಭ್ಯಾಸವಿರುವ ಊಟ ಯಾವುದು ಅಂತ ನೋಡಿಕೊಂಡು. ಮಲಗುವ ಜಾಗ ಸೆರೆ ಹಿಡಿದ ಸೈನ್ಯದವರದ್ದಕ್ಕಿಂತ ಕಡೆಯಾಗಿರಬಾರದು. ಅವನ ದೇವರನ್ನು ಅವನು ಪೂಜಿಸಬಹುದು. ಕೇಳಿದಾಗ ಅವನು ಹೇಳಬೇಕಾದ್ದು ನಾಲ್ಕೇ: ಹೆಸರು, ದರ್ಜೆ, ಹುಟ್ಟಿದ ದಿನ, ಸೈನ್ಯದ ನಂಬರು. ಅಭಿನಂದನ್ ಚಹಾ ಕಪ್ ಹಿಡಿದು, ಅದನ್ನೆಲ್ಲ ನಾನು ಹೇಳುವ ಹಾಗಿಲ್ಲ ಅಂದರಲ್ಲ, ಅದು ಈ 17ನೇ ವಿಧಿಯ ಬಲ. ಇನ್ನು 13ನೇ ವಿಧಿ. ಕೈದಿಯನ್ನು ಅವಮಾನದಿಂದ ಮತ್ತು ಜನರ ಕುತೂಹಲದಿಂದ ಕಾಪಾಡಬೇಕು. ಕುತೂಹಲ ಅನ್ನುವ ಮಾತು ಓದಿದಾಗ ನನ್ನ ಫೋನು, ಆ ಮೂರು ಗುಂಪು ನೆನಪಾಯಿತು. ವೀಡಿಯೊ ತೆಗೆದವನಷ್ಟೇ ಅಲ್ಲ, ಹಂಚಿದವನೂ ಆ ಕುತೂಹಲದ ಪಾಲುದಾರ. ನಾನು ಅದನ್ನು ಅಳಿಸಿದೆ. ಆಗಲೇ ಅದು ಎಲ್ಲಿಗೆ ಹೋಗಿ ಮುಟ್ಟಿತ್ತೋ.

ಆಮೇಲೆ 70ನೇ ವಿಧಿಗೆ ಬಂದೆ. ಸೆರೆ ಸಿಕ್ಕ ಕೂಡಲೇ, ಅಥವಾ ಶಿಬಿರಕ್ಕೆ ಬಂದ ಒಂದು ವಾರದೊಳಗೆ, ಪ್ರತಿ ಕೈದಿಗೂ ಮನೆಗೆ ಒಂದು ಕಾರ್ಡು ಬರೆಯಲು ಬಿಡಬೇಕು. ನಾನು ಸೆರೆಯಲ್ಲಿದ್ದೇನೆ, ಇಲ್ಲಿದ್ದೇನೆ, ಆರೋಗ್ಯ ಹೀಗಿದೆ. ಅಷ್ಟೇ. ಇನ್ನೊಂದು ಕಾರ್ಡು ಕೈದಿಗಳ ವಿವರ ಇಟ್ಟುಕೊಳ್ಳುವ ಜಿನೀವಾದ ರೆಡ್‌ಕ್ರಾಸ್ ಕಚೇರಿಗೆ. 71ನೇ ವಿಧಿ: ತಿಂಗಳಿಗೆ ಕಡಿಮೆಯೆಂದರೂ ಎರಡು ಕಾಗದ, ನಾಲ್ಕು ಕಾರ್ಡು. ಇದಕ್ಕೆ ಅಂಚೆ ಚೀಟಿ ಹಚ್ಚಬೇಕಾಗಿಲ್ಲ.

ಅಲ್ಲಿ ಓದುವುದನ್ನು ನಿಲ್ಲಿಸಿದೆ. ಕಲ್ಲಿನ ಮೇಲೆ ಕೂತ ಆ ಕೆಂಪು ಕುತ್ತಿಗೆಯ ಹುಡುಗ ಕಣ್ಣ ಮುಂದೆ ಬಂದ. ಆದರೆ ಅವನಿದ್ದದ್ದು 1949ಕ್ಕಿಂತ ಮುಂಚೆ ಅಲ್ವಾ? ಹಿಂದಕ್ಕೆ ಹೋಗಿ ಹುಡುಕಿದೆ. 1929ರ ಜುಲೈ 27ರಂದು ಇದೇ ಜಿನೀವಾದಲ್ಲಿ ಯುದ್ಧಕೈದಿಗಳ ಬಗ್ಗೆ ಇದಕ್ಕಿಂತ ಚಿಕ್ಕ ಒಪ್ಪಂದವೊಂದು ಆಗಿತ್ತು. ಅದರಲ್ಲೂ ಆ ಒಂದು ವಾರದ ಮಾತು ಇತ್ತು. ಒಂದು ವಾರದೊಳಗೆ ಮನೆಗೆ ಪೋಸ್ಟ್‌ಕಾರ್ಡು. ಬ್ರಿಟನ್ ಅದನ್ನು ಒಪ್ಪಿತ್ತು, ಇಟಲಿಯೂ ಒಪ್ಪಿತ್ತು. ಅದಕ್ಕೇ ಜಾಲಹಳ್ಳಿಯ ಬೇಲಿಯೊಳಕ್ಕೆ ಕಾಗದ ಬರುತ್ತಿತ್ತು, ಬೇಲಿಯಿಂದ ಕಾಗದ ಹೋಗುತ್ತಿತ್ತು. ಜಪಾನ್ ಸಹಿ ಹಾಕಿತ್ತು, ಆದರೆ ತನ್ನ ದೇಶದಲ್ಲಿ ಅದನ್ನು ಅಂಗೀಕರಿಸಲಿಲ್ಲ. 1942ರಲ್ಲಿ ಕೇಳಿದಾಗ, ಸಂದರ್ಭ ನೋಡಿಕೊಂಡು ಪಾಲಿಸುತ್ತೇವೆ ಅಂದಿತು. ಆ ಮಾತು ನೆಲದ ಮೇಲೆ ಉಳಿಯಲಿಲ್ಲ.

ಮುತ್ತಜ್ಜಿಯ ಪ್ರಶ್ನೆಗೆ ಉತ್ತರ ಇಷ್ಟೇ. ಒಂದೇ ಯುದ್ಧ, ಇಬ್ಬರು ಕೈದಿಗಳು. ಒಬ್ಬ ಒಪ್ಪಂದ ಪಾಲಿಸುವವರ ಕೈಗೆ ಸಿಕ್ಕ, ಇನ್ನೊಬ್ಬ ಪಾಲಿಸದವರ ಕೈಗೆ ಸಿಕ್ಕ.

ಇದು ಬರೀ ಕಾಗದದ ಮಾತಲ್ಲ. ಟೋಕಿಯೊ ಯುದ್ಧಾಪರಾಧ ನ್ಯಾಯಮಂಡಳಿ 1948ರ ತೀರ್ಪಿನಲ್ಲಿ ಒಂದು ಲೆಕ್ಕ ಕೊಟ್ಟಿದೆ. ಅಮೆರಿಕ ಮತ್ತು ಬ್ರಿಟಿಷ್ ಕಾಮನ್‌ವೆಲ್ತ್ ಸೈನಿಕರಲ್ಲಿ ಜರ್ಮನಿ, ಇಟಲಿಗಳ ಸೆರೆಯಲ್ಲಿ ಸತ್ತವರು ನೂರಕ್ಕೆ 4. ಜಪಾನಿನ ಸೆರೆಯಲ್ಲಿ ಸತ್ತವರು ನೂರಕ್ಕೆ 27. ಸಿಂಗಪುರದಲ್ಲಿ ಸಿಕ್ಕ ಭಾರತೀಯರಲ್ಲಿ ಸಾವಿರಾರು ಜನ ಆಜಾದ್ ಹಿಂದ್ ಫೌಜ್ ಸೇರಿದರು. ಸೇರದೆ ಉಳಿದವರಲ್ಲಿ ಸಾವಿರಾರು ಜನರನ್ನು ಹಡಗಿನಲ್ಲಿ ನ್ಯೂ ಗಿನಿ ಕಡೆಗೆ ಸಾಗಿಸಿದರು. ಕೂಲಿ ಕೆಲಸ, ಹಸಿವು, ಮಲೇರಿಯಾ. ಬಹಳ ಜನ ಅಲ್ಲೇ ಮಣ್ಣಾದರು. ಸಿಂಗಪುರದ ಕ್ರಾಂಜಿಯಲ್ಲಿ ಸಮಾಧಿ ಸಿಗದವರ ಹೆಸರು ಕೆತ್ತಿದ ಗೋಡೆಗಳಿವೆ, 24 ಸಾವಿರಕ್ಕೂ ಜಾಸ್ತಿ ಹೆಸರು. ನಮ್ಮ ಕಡೆಯವರ ಹೆಸರೂ ಅಲ್ಲಿವೆ.

ಮನೆಯಲ್ಲಿ ಕಾಯುವವರಿಗೆ ಇದೇನೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿದ್ದದ್ದು ಪತ್ತೆಯಿಲ್ಲ ಅನ್ನುವ ಒಂದೇ ಮಾತು. ಪಿತೃಪಕ್ಷ ಬಂತು. ನಮ್ಮ ಕಡೆ ಸತ್ತವರಿಗೆ ಎಡೆ ಇಡುವುದು ದೊಡ್ಡ ಕೆಲಸ. ಅವರು ಇಷ್ಟಪಟ್ಟ ಅಡುಗೆ, ಹೊಸ ಬಟ್ಟೆ, ಬೀಡಿ ಸೇದುತ್ತಿದ್ದರೆ ಒಂದು ಕಟ್ಟು ಬೀಡಿ. ಎಡೆ ಸಿಗದ ಜೀವ ಹಸಿದುಕೊಂಡು ಅಲೆಯುತ್ತದೆ ಅಂತ ನಂಬಿಕೆ. ನೆಂಟರು ಬಂದು ಹೇಳಿದರು, ಅವನ ಹೆಸರಲ್ಲೂ ಒಂದು ಎಡೆ ಇಟ್ಟುಬಿಡವ್ವ ಅಂತ. ಮುತ್ತಜ್ಜಿ ಇಡಲಿಲ್ಲ. ಎಡೆ ಇಟ್ಟರೆ ಬದುಕಿರುವ ಮಗನನ್ನು ತಾನೇ ಕೊಂದ ಹಾಗೆ. ಇಡದಿದ್ದರೆ, ಸತ್ತ ಮಗನನ್ನು ಹಸಿವಿಗೆ ಬಿಟ್ಟ ಹಾಗೆ. 1942, 43, 44. ಮೂರು ವರ್ಷ, ಎಡೆ ಇಡುವ ಮಾರಲಮಿಯ ದಿನ, ಮುತ್ತಜ್ಜಿ ಊಟ ಮಾಡಲಿಲ್ಲ ಅಂತ ಅಜ್ಜಿ ಹೇಳುತ್ತಿದ್ದಳು.

1977ರಲ್ಲಿ ಜಿನೀವಾ ಒಪ್ಪಂದಗಳಿಗೆ ಎರಡು ಹೆಚ್ಚುವರಿ ಕರಾರುಗಳು ಸೇರಿದವು. ಮೊದಲನೆಯದರ 32ನೇ ವಿಧಿಯಲ್ಲಿ ಒಂದು ಸಾಲಿದೆ. ತಮ್ಮವರಿಗೆ ಏನಾಯಿತು ಎಂದು ತಿಳಿಯುವುದು ಕುಟುಂಬದ ಹಕ್ಕು. ಆ ಸಾಲು ಓದಿದಾಗ ನನಗೆ ಮುತ್ತಜ್ಜಿಯ ಆ ಉಪವಾಸಗಳು ನೆನಪಾದವು. ಯಾರೋ ಎಲ್ಲೋ ಕೂತು ಅವಳ ನೋವಿಗೆ ಹಕ್ಕು ಅಂತ ಹೆಸರಿಟ್ಟಿದ್ದರು. ಭಾರತ ಈ ಎರಡು ಕರಾರುಗಳನ್ನು ಇನ್ನೂ ಒಪ್ಪಿಲ್ಲ. ಒಪ್ಪಬೇಕು ಅಂತ ನನ್ನ ಅನಿಸಿಕೆ. ಇದನ್ನು ದೊಡ್ಡದಾಗಿ ಚರ್ಚೆ ಮಾಡುವವರೇ ನಮ್ಮಲ್ಲಿ ಕಡಿಮೆ.

ಈ ಕಾನೂನಿನ ಬೇರು ಹುಡುಕುತ್ತ ಹೋದರೆ ಅಲ್ಲೂ ಒಂದು ಕಾಗದವೇ ಸಿಗುತ್ತದೆ. 1859ರ ಜೂನ್ 24, ಇಟಲಿಯ ಸೊಲ್ಫೆರಿನೊ. ಫ್ರಾನ್ಸ್ ಮತ್ತು ಆಸ್ಟ್ರಿಯಾ ಸೈನ್ಯಗಳ ನಡುವೆ ದೊಡ್ಡ ಕಾಳಗ. ಆನ್ರಿ ಡ್ಯೂನಾ ಎಂಬ ಜಿನೀವಾದ ವ್ಯಾಪಾರಿ ತನ್ನ ಯಾವುದೋ ವ್ಯವಹಾರಕ್ಕೆ ಆ ಕಡೆ ಬಂದಿದ್ದ. ಹತ್ತಿರದ ಕಾಸ್ತಿಲ್ಯೋನೆ ಊರಿನ ಚರ್ಚಿನಲ್ಲಿ ಗಾಯಾಳುಗಳು ನೆಲದ ಮೇಲೆ ರಾಶಿ ರಾಶಿ ಬಿದ್ದಿದ್ದರು. ವೈದ್ಯರು ಸಾಲದು, ನೀರಿಲ್ಲ. ಅವನು ಊರಿನ ಹೆಂಗಸರನ್ನು ಕೂಡಿಸಿದ. ಶತ್ರು, ಮಿತ್ರ ಅಂತ ನೋಡದೆ ನೀರು ಕುಡಿಸಿದರು, ಗಾಯ ತೊಳೆದರು. ಎಲ್ಲರೂ ಅಣ್ಣತಮ್ಮಂದಿರೇ ಅಂತ ಆ ಹೆಂಗಸರು ಹೇಳುತ್ತಿದ್ದರಂತೆ. ಇದು ಎಲ್ಲರಿಗೂ ಗೊತ್ತಿರುವ ಕಥೆ, ಶಾಲೆಯಲ್ಲಿ ರೆಡ್‌ಕ್ರಾಸ್ ದಿನ ನಾವೂ ಕೇಳಿದ್ದೇವೆ. ನಾನು ಕೇಳಿರದಿದ್ದದ್ದು ಇನ್ನೊಂದು. ಅಲ್ಲಿ ಸುಮಾರು 20 ವರ್ಷದ ಒಬ್ಬ ಫ್ರೆಂಚ್ ಹುಡುಗ ಸಾಯುತ್ತಿದ್ದ. ಲಿಯೊನ್ ಊರಿನವನು. ನಮ್ಮಪ್ಪನಿಗೆ ಒಂದು ಕಾಗದ ಬರೆಯಿರಿ ಅಂತ ಡ್ಯೂನಾನನ್ನು ಬೇಡಿದ. ಡ್ಯೂನಾ ಬರೆದ. ಆ ಹುಡುಗ ಮನೆಗೆ ಒಬ್ಬನೇ ಮಗ. ಸೈನ್ಯದ ಪಟ್ಟಿಯಲ್ಲಿ ಅವನ ಹೆಸರು ಕಾಣೆಯಾದವರ ಸಾಲಿನಲ್ಲಿತ್ತು. ಅಪ್ಪ ಅಮ್ಮನಿಗೆ ಮಗನ ಬಗ್ಗೆ ಸಿಕ್ಕ ಸುದ್ದಿ ಆ ಒಂದು ಕಾಗದ ಮಾತ್ರ.

ಡ್ಯೂನಾ ಇದನ್ನೆಲ್ಲ 1862ರಲ್ಲಿ ಪುಸ್ತಕ ಮಾಡಿದ. 1863ರಲ್ಲಿ ರೆಡ್‌ಕ್ರಾಸ್ ಸಮಿತಿ ಹುಟ್ಟಿತು, 1864ರಲ್ಲಿ ಮೊದಲ ಜಿನೀವಾ ಒಪ್ಪಂದ. ಅವನು ಮುಂದೆ ದಿವಾಳಿಯಾದ, ಎಲ್ಲರೂ ಅವನನ್ನು ಮರೆತರು, ಮುಪ್ಪಿನಲ್ಲಿ 1901ರ ಮೊದಲ ನೊಬೆಲ್ ಶಾಂತಿ ಬಹುಮಾನ ಬಂತು. ಅವನು ಬರೆದ ಆ ಒಂದು ಕಾಗದ ಮಾತ್ರ ಬೆಳೆಯುತ್ತಲೇ ಹೋಯಿತು. ಮೊದಲ ಮಹಾಯುದ್ಧದಲ್ಲಿ ಜಿನೀವಾದ ಕಚೇರಿಯಲ್ಲಿ ಕೂತವರು ಕೈದಿಗಳ ಬಗ್ಗೆ, ಕಾಣೆಯಾದವರ ಬಗ್ಗೆ ಸುಮಾರು 70 ಲಕ್ಷ ಕಾರ್ಡು ಬರೆದರು. ಒಂದೊಂದು ಕಾರ್ಡಿನಲ್ಲೂ ಒಂದು ಹೆಸರು.

ಹೆಸರು ಅಂದಾಗ ಒಂದು ಮಾತು ನೆನಪಾಗುತ್ತದೆ. ನಮ್ಮ ಊರಿನ ಹೆಸರು ಮೊದಲು ಸಿಗುವುದು ಬೇಗೂರಿನ ನಾಗೇಶ್ವರ ದೇವಸ್ಥಾನದ ಒಂದು ಕಲ್ಲಿನಲ್ಲಿ. ಕ್ರಿ.ಶ. 890ರ ಸುಮಾರಿನದು. ಬೆಂಗಳೂರು ಕಾಳಗದಲ್ಲಿ ಬುಟ್ಟಣಸೆಟ್ಟಿ ಸತ್ತ ಅಂತ ಅದರಲ್ಲಿದೆ. ಬೆಂಗಳೂರು ಅನ್ನುವ ಹೆಸರು ಇತಿಹಾಸಕ್ಕೆ ಬಂದದ್ದೇ ಒಂದು ಸಾವಿನ ಸುದ್ದಿಯ ಜೊತೆ. ಸತ್ತವನು ಇಂಥವನು, ಸತ್ತದ್ದು ಇಂಥಲ್ಲಿ ಅಂತ ಕಲ್ಲಿನಲ್ಲಿ ಕೆತ್ತಿಸಿದವರಿಗೂ ಅದು ಮುಖ್ಯವಾಗಿತ್ತು ಅಲ್ವಾ?

ಈ ವಿಷಯ ಯಾರ ಹತ್ತಿರ ಮಾತಾಡಿದರೂ ಒಂದೇ ಉತ್ತರ ಬರುತ್ತದೆ. "ಅವರು ಪಾಲಿಸಲ್ಲ, ನಾವು ಯಾಕೆ ಪಾಲಿಸಬೇಕು?" ಈ ಸಿಟ್ಟು ನನಗೆ ಅರ್ಥವಾಗುತ್ತದೆ. 1999ರ ಮೇ ತಿಂಗಳಲ್ಲಿ ಕಾರ್ಗಿಲ್ ಬಳಿ ಗಸ್ತು ಹೋದ ಕ್ಯಾಪ್ಟನ್ ಸೌರಭ್ ಕಾಲಿಯಾ ಮತ್ತು ಅವರ ಐವರು ಸೈನಿಕರು ಸೆರೆ ಸಿಕ್ಕರು. ಜೂನ್ 9ರಂದು ಅವರ ದೇಹಗಳು ವಾಪಸ್ ಬಂದವು. ಅವರಿಗೆ ಚಿತ್ರಹಿಂಸೆ ಕೊಡಲಾಗಿದೆ ಎಂದು ನಮ್ಮ ಸೈನ್ಯ ಹೇಳಿತು. ಅದನ್ನು ಓದಿದವರಿಗೆ ಕಾನೂನು ಗೀನೂನು ಏನೂ ಬೇಡ ಅನಿಸಿದರೆ ತಪ್ಪು ಅನ್ನಲಾರೆ.

ಆದರೆ ಅದೇ ಯುದ್ಧದಲ್ಲಿ, ಜುಲೈನಲ್ಲಿ, ಟೈಗರ್ ಹಿಲ್ ಮೇಲೆ ಪಾಕಿಸ್ತಾನದ ಕ್ಯಾಪ್ಟನ್ ಕರ್ನಲ್ ಶೇರ್ ಖಾನ್ (ಕರ್ನಲ್ ಅನ್ನುವುದು ಅವರ ಹೆಸರೇ, ದರ್ಜೆಯಲ್ಲ) ಸತ್ತರು. ನಮ್ಮವರ ವಿರುದ್ಧ ಹೋರಾಡಿ ಸತ್ತವರು. ಅವರ ದೇಹವನ್ನು ಕೆಳಗೆ ತಂದು ಒಪ್ಪಿಸುವಾಗ ನಮ್ಮ ಬ್ರಿಗೇಡಿಯರ್ ಎಂ.ಪಿ.ಎಸ್. ಬಾಜ್ವಾ ಒಂದು ಚೀಟಿ ಬರೆದು ಅವರ ಜೇಬಿಗೆ ಇಟ್ಟರು. ಈ ಮನುಷ್ಯ ಬಹಳ ಧೈರ್ಯದಿಂದ ಹೋರಾಡಿದ, ಅವನಿಗೆ ಸಲ್ಲಬೇಕಾದ ಗೌರವ ಸಲ್ಲಲಿ ಅಂತ. ಪಾಕಿಸ್ತಾನ ಅವರಿಗೆ ತನ್ನ ಅತಿ ದೊಡ್ಡ ಶೌರ್ಯ ಪದಕ ಕೊಟ್ಟಿತು. ಸತ್ತ ಶತ್ರುವಿನ ಜೇಬಿನಲ್ಲಿ ಅವನ ಮನೆಯವರಿಗೆ ಮುಟ್ಟುವ ಒಂದು ಚೀಟಿ. ಅದನ್ನು ಬರೆದವರು ಮೆತ್ತಗಿನ ಮನುಷ್ಯ ಅಂತ ಯಾರೂ ಹೇಳಲಾರರು, ಆ ಗುಡ್ಡ ಗೆದ್ದವರು ಅವರು. ಕೈದಿಯ ಮೇಲೆ ಸೇಡು ತೀರಿಸಿಕೊಳ್ಳುವ ಹಾಗಿಲ್ಲ ಅಂತ 13ನೇ ವಿಧಿ ನೇರವಾಗಿ ಹೇಳುತ್ತದೆ. ಎದುರಿನವನು ತಪ್ಪಿದರೆ ನೀನೂ ತಪ್ಪಬಹುದು ಅಂತ ಎಲ್ಲೂ ಹೇಳುವುದಿಲ್ಲ. ಯಾಕಂದರೆ ತಪ್ಪಿದವನು ಒಬ್ಬ, ನಿಮ್ಮ ಕೈಗೆ ಸಿಕ್ಕಿರುವವನು ಇನ್ನೊಬ್ಬ.

ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪನವರ ಮಾತೂ ಇಲ್ಲಿ ಬರಲೇಬೇಕು. 1965ರಲ್ಲಿ ಅವರ ಮಗನ ವಿಮಾನ ಉರುಳಿ, ಮಗ ಪಾಕಿಸ್ತಾನದಲ್ಲಿ ಕೈದಿಯಾದರು. ಆಗ ಅಲ್ಲಿಯ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ಹಿಂದೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದ್ದವರು. ನಿಮ್ಮ ಮಗನಿಗೆ ಬೇಕಾದ ಅನುಕೂಲ ಮಾಡಿಕೊಡುತ್ತೇನೆ ಅಂತ ಹೇಳಿ ಕಳಿಸಿದರು. ಅಲ್ಲಿರುವ ಕೈದಿಗಳೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ, ಇವನಿಗೇ ಬೇರೆ ಏನೂ ಬೇಡ ಅಂತ ಕಾರ್ಯಪ್ಪ ಉತ್ತರ ಕೊಟ್ಟರು. ಮಗ ಉಳಿದ ಕೈದಿಗಳ ಜೊತೆಯೇ 1966ರಲ್ಲಿ ಮನೆಗೆ ಬಂದರು.

ನಾವು ಯಾವಾಗಲೂ ಸರಿಯಾಗಿಯೇ ನಡೆದುಕೊಂಡೆವು ಅಂತಲೂ ಅಲ್ಲ. 1971ರ ಡಿಸೆಂಬರ್ 16ರಂದು ಢಾಕಾ ಶರಣಾದಾಗ ನಮ್ಮ ಕೈಗೆ ಸಿಕ್ಕವರು ಸುಮಾರು 93,000 ಜನ. ಅವರ ಶಿಬಿರಗಳಿಗೆ ರೆಡ್‌ಕ್ರಾಸ್‌ನವರನ್ನು ಬಿಟ್ಟೆವು, ಅದು ಹೆಮ್ಮೆಯ ಮಾತು. ಆದರೆ ಕಾದಾಟ ನಿಂತ ಮೇಲೆ ಕೈದಿಗಳನ್ನು ತಡಮಾಡದೆ ಮನೆಗೆ ಕಳಿಸಬೇಕು ಅಂತ 118ನೇ ವಿಧಿ ಹೇಳುತ್ತದೆ. ಕೊನೆಯ ಕೈದಿ ಗಡಿ ದಾಟಿದ್ದು 1974ರ ಏಪ್ರಿಲ್‌ನಲ್ಲಿ. ಅವರು ಭಾರತ, ಬಾಂಗ್ಲಾದೇಶ ಎರಡೂ ಸೈನ್ಯಗಳಿಗೆ ಶರಣಾದವರು, ಬಾಂಗ್ಲಾದೇಶ ಒಪ್ಪದೆ ಬಿಡುವ ಹಾಗಿಲ್ಲ ಅನ್ನುವುದು ನಮ್ಮ ಸರ್ಕಾರದ ವಾದ. ರಾಜಕೀಯವಾಗಿ ಅದಕ್ಕೆ ಕಾರಣಗಳಿದ್ದವು. ಆದರೂ ಎರಡು ವರ್ಷದ ಮೇಲೆ ನಾಲ್ಕು ತಿಂಗಳು ಜಾಸ್ತಿಯೇ ಆಯಿತು ಅಂತ ನನಗೆ ಅನಿಸುತ್ತದೆ. ಆ ಕಡೆಯ ಹಳ್ಳಿಗಳಲ್ಲೂ ಮುತ್ತಜ್ಜಿಯರಿದ್ದರಲ್ಲ.

ಈ ಕಡೆ ಇನ್ನೊಂದು ಲೆಕ್ಕ ಇವತ್ತಿಗೂ ಮುಗಿದಿಲ್ಲ. ಆ ಕಾಲದ ಯುದ್ಧದಲ್ಲಿ ಕಾಣೆಯಾದ ನಮ್ಮ 54 ಜನ. ಅವರು ಪಾಕಿಸ್ತಾನದ ಜೈಲುಗಳಲ್ಲಿದ್ದಾರೆ ಅಂತ ನಂಬಿದ ಕುಟುಂಬಗಳು ದಶಕಗಟ್ಟಲೆ ಅಲೆದವು. ಪಾಕಿಸ್ತಾನ ಇಲ್ಲ ಅನ್ನುತ್ತಲೇ ಬಂತು. 2007ರಲ್ಲಿ ಕೆಲವು ಮನೆಯವರು ಅಲ್ಲಿಯ ಜೈಲುಗಳಿಗೆ ಹೋಗಿ ನೋಡಿ ಬಂದರು. ಯಾರೂ ಸಿಗಲಿಲ್ಲ. ಹೆಂಡತಿಯರು ಮುದುಕಿಯರಾದರು, ಕೆಲವರು ಕಾಯುತ್ತಲೇ ತೀರಿಹೋದರು. ಅವರ ಮನೆಗಳಲ್ಲಿ ಎಡೆಯ ದಿನ ಏನು ಮಾಡಿದರೋ.

ಈಗ ನಡೆಯುತ್ತಿರುವುದನ್ನು ನೋಡಿದರೆ ಈ ಕಾನೂನು ಸತ್ತೇಹೋಯಿತು ಅಂತ ತುಂಬ ಜನ ಹೇಳುತ್ತಾರೆ. 2023ರ ಅಕ್ಟೋಬರ್ 7ರಂದು ಹಮಾಸ್ ಒತ್ತೆಯಾಗಿ ಹಿಡಿದುಕೊಂಡು ಹೋದವರನ್ನು ನೋಡಲು ರೆಡ್‌ಕ್ರಾಸ್‌ಗೆ ಬಿಡಲಿಲ್ಲ. ಅಂದಿನಿಂದ ಇಸ್ರೇಲ್ ತನ್ನ ಜೈಲುಗಳಲ್ಲಿರುವ ಪ್ಯಾಲೆಸ್ಟೀನಿಯರನ್ನು ನೋಡಲೂ ಬಿಡಲಿಲ್ಲ. ಎರಡೂ ಕಡೆ ತಾಯಂದಿರು ಅದೇ ಪ್ರಶ್ನೆ ಕೇಳಿದರು. ಇದ್ದಾನಾ, ಇಲ್ವಾ? ರಷ್ಯಾ ಮತ್ತು ಉಕ್ರೇನ್ ಯುದ್ಧ ಶುರುವಾದ ಮರುತಿಂಗಳೇ, 2022ರ ಮಾರ್ಚಿನಲ್ಲಿ, ಕಾಣೆಯಾದವರನ್ನು ಹುಡುಕಲು ರೆಡ್‌ಕ್ರಾಸ್‌ನವರು ಜಿನೀವಾದಲ್ಲಿ ಒಂದು ಪ್ರತ್ಯೇಕ ವಿಭಾಗವನ್ನೇ ತೆರೆದರು. ಅಲ್ಲಿಯ ಕೆಲಸಗಾರರು ಇವತ್ತಿಗೂ ಫೋನು ತೆಗೆದುಕೊಂಡು ಹೆಸರು ಬರೆದುಕೊಳ್ಳುತ್ತಾರೆ.

ಸತ್ತಿದೆ ಅನ್ನುವವರಿಗೆ ನಾನು ಜಾಲಹಳ್ಳಿ ಮತ್ತು ಸಿಂಗಪುರ ಎರಡನ್ನೂ ಒಟ್ಟಿಗೆ ತೋರಿಸುತ್ತೇನೆ. ಪಾಲಿಸಿದ ಕಡೆ ನೂರಕ್ಕೆ 4, ಪಾಲಿಸದ ಕಡೆ ನೂರಕ್ಕೆ 27. ಆ 23 ಜನರನ್ನು ಸುಮ್ನೆ ಒಂದು ಅಂಕಿ ಅಂತ ನೋಡಲು ನನ್ನಿಂದ ಆಗುವುದಿಲ್ಲ. ನಮ್ಮ ಮಿಲ್ಟ್ರಿ ತಾತ ಆ 23ರಲ್ಲಿ ಒಬ್ಬರಾಗಬಹುದಿತ್ತು.

ಆಗಲಿಲ್ಲ. ಅವರು ಬಂದರು.

1945ರ ಸೆಪ್ಟೆಂಬರ್ 12ರಂದು ಸಿಂಗಪುರದಲ್ಲಿ ಜಪಾನಿನವರು ಶರಣಾದರು. ಅದಾಗಿ ಎರಡು ತಿಂಗಳಿಗೆ, ಹೊಲದಲ್ಲಿ ರಾಗಿ ತೆನೆ ಬಾಗಿದ್ದ ಕಾಲಕ್ಕೆ, ಯಶವಂತಪುರ ಸ್ಟೇಷನ್ನಿನಿಂದ ನಡೆದುಕೊಂಡೇ ಊರಿಗೆ ಬಂದರಂತೆ. ಬಾಗಿಲಲ್ಲಿ ನಿಂತವರನ್ನು ಅಜ್ಜಿ ಭಿಕ್ಷೆಗೆ ಬಂದವರು ಅಂದುಕೊಂಡಳಂತೆ. ಗುರುತು ಹಿಡಿದದ್ದು ಮುತ್ತಜ್ಜಿ, ಕೆಮ್ಮಿನ ದನಿಯಿಂದ. ಅಲ್ಲಿ ಏನಾಯಿತು ಅಂತ ಅವರು ಯಾರಿಗೂ ಪೂರ್ತಿ ಹೇಳಲಿಲ್ಲ. ನಾನು ಕಂಡಿದ್ದು ಅವರ ಮುಪ್ಪನ್ನು ಮಾತ್ರ. ತಟ್ಟೆಯಲ್ಲಿ ಒಂದು ಅಗುಳು ಬಿಡುತ್ತಿರಲಿಲ್ಲ. ಯಾರ ಮನೆಗೆ ಕಾಗದ ಬಂದರೂ, ಬರೀ ಕರೆಂಟ್ ಬಿಲ್ಲಾದರೂ, ಕೂಡಲೇ ತಲುಪಿಸಿ ಅಂತ ಗದರುತ್ತಿದ್ದರು.

ಅವರು ಬಂದು ಒಂದು ತಿಂಗಳಾಗಿರಬಹುದು. ಮೈಯಲ್ಲಿ ಸ್ವಲ್ಪ ಶಕ್ತಿ ಬಂದಿತ್ತು. ಒಂದು ಬೆಳಿಗ್ಗೆ ತಾವೇ ಮುತ್ತಾತನ ಗಾಡಿ ಹತ್ತಿ ಕೂತರಂತೆ. ಅಜ್ಜಿಯೂ ಹಿಂದೆ ಹತ್ತಿದಳು. ಇಟಲಿಯವರು ಆಗಿನ್ನೂ ಜಾಲಹಳ್ಳಿಯಲ್ಲೇ ಇದ್ದರು. ಅವರಿಗೆ ಊರಿಗೆ ಹೋಗುವ ಹಡಗು ಸಿಗಲು 1946 ಬರಬೇಕಾಯಿತು. ಮುತ್ತಾತ ತರಕಾರಿ ಇಳಿಸುತ್ತಿದ್ದರು. ಅಣ್ಣ ಬೇಲಿಯ ಹತ್ತಿರ ಹೋಗಿ ನಿಂತರು. ಒಳಗೆ ಒಬ್ಬ ಬಟ್ಟೆ ಹರವುತ್ತಿದ್ದ, ಇಬ್ಬರು ಏನೋ ಮಾತಾಡಿಕೊಂಡು ನಗುತ್ತಿದ್ದರು. ಅಣ್ಣ ಬಹಳ ಹೊತ್ತು ನೋಡಿದರು. ಈಗ ಬೈಯುತ್ತಾನೆ, ಕಲ್ಲು ತೆಗೆದು ಎಸೆಯುತ್ತಾನೆ ಅಂತ ಅಜ್ಜಿಗೆ ಭಯವಾಯಿತಂತೆ.

ಮುತ್ತಾತ ಹತ್ತಿರ ಬಂದಾಗ ಅಣ್ಣ ಕೇಳಿದರು.

"ಅಪ್ಪ, ಇವರಿಗೆ ಮನೆಯಿಂದ ಕಾಗದ ಬರ್ತಾವಾ?"

"ಬರ್ತಾವೆ ಕಣೋ. ಅವಾಗವಾಗ ಬರ್ತಾನೇ ಇರ್ತಾವೆ."

ಅಣ್ಣ ತಲೆಯಾಡಿಸಿದರು. ಎತ್ತಿನ ಹಗ್ಗ ತಾವೇ ಕೈಗೆ ತಗೊಂಡು, "ನಡಿಯಪ್ಪ, ಬಿಸಿಲೇರ್ತದೆ" ಅಂದರಂತೆ.